ಹಿಮದ ಸಪ್ಪಳ

ಹೀರಾಬಾಯಿ ಅತ್ತಿಯವರಿಗೆ, ಫಿನ್‌ಲ್ಯಾಂಡಿನಿಂದ ನಿಮ್ಮ ಸೊಸಿ ಸ್ನೇಹಲ ಮಾಡೂ ಜೈ ಜಿನೇಂದ್ರ.

ಈ ಕಾರ್ಡಿನ ಮೂಲ್ಯಾಗ ನೀಲಿ ಗೀಚು ಐತಲ್ರಿ, ಅದು ನಾ ಮಾಡಿದ್ದಲ್ಲ. ನಾ ತರಬೇತಿಗೆ ಹೋಗೂ ಬಾಲವಾಡ್ಯಾಗಿನ ಐದು ವರ್ಷದ ಹುಡುಗಿ ಐನೋ ಬರದದ್ದು. ನಿನ್ನ ಹೆಸರು ಬರಿ ಅಂದ್ರ ಆಕಿಗೆ ಬರಿಯಾಕ ಬರಂಗಿಲ್ಲ. ಇಲ್ಲಿ ಯಾರಿಗೂ ಅದರ ಗಡಿಬಿಡಿನೂ ಇಲ್ಲ. ಇದು ಹಿಮ ಬೀಳೂ ಸಪ್ಪಳ ಅಂದ್ಳಂತ, ಅವರ ಟೀಚರ್ ನನಗ ತಿಳಿಸಿ ಹೇಳಿದ್ರು. ಹಿಮಕ್ಕೆಲ್ಲಿ ಸಪ್ಪಳ ಅಂತ ನಾ ನಕ್ಕೆ. ಆಕಿ ನನ್ನ ಕೈ ಹಿಡಿದು ಖಿಡಕಿ ಮುಂದ ನಿಂದರಿಸಿದ್ಳು. ಉಳಿದ ಮಕ್ಕಳೆಲ್ಲಾ ತಾವಾಗೇ ಸುಮ್ಮನಾದ್ರು. ಹೊರಗ ಹಿಂಜಿದ ಹತ್ತಿ ಹಂಗ ಹಿಮ ಇಳ್ಯಾಕತ್ತಿತ್ತು. ಖರೇ ಹೇಳ್ತೀನ್ರಿ, ಕೇಳಿಸ್ತು.

ನಾ ಆರಾಮ ಅದೀನಿ. ಇಲ್ಲಿ ಮಧ್ಯಾಹ್ನ ಮೂರಕ್ಕ ಹೊತ್ತು ಮುಳುಗತೈತಿ, ಹೊತ್ತು ಮುಳುಗಿದ ಮ್ಯಾಲೆ ನಾವು ಉಣ್ಣಂಗಿಲ್ಲಲ್ರಿ, ಹಂಗಾಗಿ ಎರಡೂವರಿಗೇ ರಾತ್ರಿ ಊಟ ಮುಗಿಸ್ತೀನಿ. ಊಟಕ್ಕ ಹಚ್ಚಿಕೊಳ್ಳಾಕ ನೀವು ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಐತಿ.

ಒಂದು ಕೆಲಸ ಆಗಬೇಕ್ರಿ. ಪಾರಿಶ್ವಾಡದ ನಮ್ಮ ಬಾಲವಾಡಿ ಗ್ವಾಡಿಗೆ ಬಣ್ಣ ಹಚ್ಚಿಸಿ, ನೂರರತನಕ ಅಂಕಿ ಬರಸ್ರಿ ಅಂತ ಹೇಳಿ ಬಂದಿದ್ನಲ್ರಿ, ಅದು ಬ್ಯಾಡ. ಬಣ್ಣದವ ಬಂದ್ರ ವಾಪಸ್ ಕಳಸ್ರಿ. ಆ ಗ್ವಾಡಿ ಮ್ಯಾಲೆ ನಿಮ್ಮ ಮೊಮ್ಮಗಳು ಪ್ರಾಚಿ ಇದ್ದಲಿ ತುಂಡು ಹಿಡಿದು ಉದ್ದಕ ಗೀಚಿದ್ಳು. ನಾ ಆಕಿ ಬೆನ್ನಿಗೆ ಒಂದು ಕೊಟ್ಟಿದ್ದೆ. ಅದು ಏನಂತ ಇನ್ನೂ ಆಕಿನ್ನ ಕೇಳೇ ಇಲ್ಲ.

ಅವಸರದಾಗ,
ಸ್ನೇಹಲ