ಕಣ್ಣಿನವರ ಸಭೆಗೆ ಹೋಗಿ ಬಂದದ್ದು

ಚಚಡಿ
೧೮ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಸಿದ್ಧಾರೂಢನಿಗೆ ಅಕ್ಕ ಅನ್ನಪೂರ್ಣಾಳ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಆರಾಮ ಎಂದು ಬರೆಯುವುದು ವಾಡಿಕೆ, ಅದಕ್ಕೇ ಬರೆದೆ.

ನಿನ್ನ ಸಭೆ ಮುಗಿದು ಇಷ್ಟು ದಿನವಾದ ಮೇಲೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಕಡಲೆ ಕೀಳುವ ಗದ್ದಲವಿತ್ತು. ನಡುವೆ ಬರೆಯಲು ಕುಳಿತರೂ ಸಿಟ್ಟಿಗೆ ಪೆನ್ನು ಮುಂದೆ ಹೋಗಲಿಲ್ಲ. ಫೋನು ಮಾಡಬಹುದಿತ್ತು ಅನ್ನುತ್ತೀಯೇನೋ. ಫೋನು ಮಾಡಿದರೆ ನೀನು "ಅಕ್ಕಾ, ಮೀಟಿಂಗಿನ್ಯಾಗ ಅದೇನಿ, ಆಮ್ಯಾಲ ಮಾಡ್ತೇನಿ" ಎಂದು ನಡುವೆಯೇ ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ, ಪೂರ್ತಿ ಓದು.

"ಬರಬ್ಯಾಡಕ್ಕಾ, ಎಲ್ಲಾ ಇಂಗ್ಲೀಷಿನ್ಯಾಗ ಇರತೈತಿ, ನಿನಗೇನ ತಿಳೀತೈತಿ" ಎಂದು ನೀನು ಹೇಳಿದ್ದು ನಿಜ. ಆದರೆ ಎಲ್ಲೆಲ್ಲಿಂದಲೋ ಬಂದ ಕಣ್ಣಿನ ಡಾಕ್ಟರುಗಳ ಮುಂದೆ ನನ್ನ ತಮ್ಮ ಭಾಷಣ ಮಾಡುತ್ತಾನೆ, ಅದೂ ನಮ್ಮ ಕಿತ್ತೂರಿನಲ್ಲಿ ಎಂದರೆ ಅಕ್ಕ ಮನೆಯಲ್ಲಿ ಕೂರುತ್ತಾಳೆಯೇ? ಧಾರವಾಡದವರಿಗೂ ಬೆಳಗಾವಿಯವರಿಗೂ ನಡುವೆ ಆಗಲಿ ಎಂದು ಹೆದ್ದಾರಿ ಪಕ್ಕದ ಆ ಹೊಸ ಭವನ ಹಿಡಿದರಂತೆ. ನಾನು, ಮಗಳು ಮಹಾನಂದಾ ಮತ್ತು ಇವರು ಬೈಲಹೊಂಗಲಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಬಂದೆವು. ನಿನ್ನ ಭಾಷಣ ಕೇಳುವ ಆಸೆ ಒಂದಾದರೆ, ನಿನ್ನನ್ನು ಎದುರಿಗೆ ನಿಲ್ಲಿಸಿ ನಮ್ಮ ರಕ್ತ ಪರೀಕ್ಷೆಯ ಆ ರಿಪೋರ್ಟಿನ ಬಗ್ಗೆ ಕೇಳುವುದು ಇನ್ನೊಂದು. ಸಂಗೊಳ್ಳಿಯ ಮಾಂತೇಶನಿಗೆ ನಮ್ಮ ಮಹಾನಂದಾ ಮನಸ್ಸಿಗೆ ಬಂದಿದ್ದಾಳೆ. ಅವನ ತಾಯಿ ಗುರುಬಸವ್ವ ಕೇಳುವುದು ಒಂದೇ ಮಾತು: "ಹುಡಿಗಿ ಅಪ್ಪಗ ಇರುಳಗಣ್ಣ ಐತ್ರಿ, ಹುಡಿಗಿಗಿ ಬರತೈತೇನು? ನಿಮ್ಮ ತಮ್ಮ ಕಣ್ಣಿಂದ ಓದಿದಾವ. ಅವನ ಕಡಿಂದ ಒಂದ ಮಾತ ಹೇಳಸ್ರಿ, ಸಾಕು."

ಅವಳು ಕೇಳುವುದರಲ್ಲಿ ತಪ್ಪೇನಿದೆ? ನಮ್ಮ ಅವ್ವ ತನ್ನ ಸ್ವಂತ ತಮ್ಮನಿಗೇ ನನ್ನನ್ನು ಕೊಟ್ಟಳು. ಇವರು ನಿನಗೆ ಮಾವನೂ ಹೌದು, ಭಾವನೂ ಹೌದು. ಮದುವೆಯಾದಾಗ ಚೆನ್ನಾಗಿಯೇ ಇದ್ದ ಕಣ್ಣು, ಮೊದಲು ರಾತ್ರಿ ಹೋಯಿತು, ಆಮೇಲೆ ಅಕ್ಕಪಕ್ಕದ್ದೂ ಹೋಯಿತು. ಈಗ ಕೊಳವೆಯೊಳಗಿಂದ ಇಣುಕಿದಷ್ಟು ಉಳಿದಿದೆ. ನೀನೇ ನಮ್ಮ ಪಡಸಾಲೆಯಲ್ಲಿ ಕೂತು ಎಲ್ಲರ ರಕ್ತ ತೆಗೆದುಕೊಂಡು ಹೋದೆ. ಮಹಾನಂದಾಳನ್ನು ಹುಬ್ಬಳ್ಳಿಗೆ ಕರೆಸಿ ದೀಪ ಮಿಣುಕಿಸಿ ಪರೀಕ್ಷೆಯನ್ನೂ ಮಾಡಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಯಾವಾಗ ಕೇಳಿದರೂ "ರಿಪೋರ್ಟ್ ಇನ್ನೂ ಬಂದಿಲ್ಲಕ್ಕಾ."

ಇರಲಿ, ಸಭೆಯ ವಿಷಯ ಕೇಳು. ಬಾಗಿಲಲ್ಲಿ ಕೂತ ಹುಡುಗಿ "ಡೆಲಿಗೇಟ್ ಏನ್ರಿ, ಕಂಪನಿ ಕಡಿಯವರ್ರಿ?" ಎಂದು ಕೇಳಿದಳು. ಸಿದ್ಧಾರೂಢನ ಅಕ್ಕ ಎಂದೆ. ಅಕ್ಕಂದಿರಿಗೆ ಕಾರ್ಡು ಇಲ್ಲವಂತೆ. ಕೊನೆಗೆ ಪಾಪ ಎನಿಸಿ ಕೊರಳಿಗೆ ಒಂದೊಂದು ಹಾಕಿ ಕಳಿಸಿದಳು. ಒಳಗೆ ಬಂದ ಮೇಲೆ ಮಹಾನಂದಾ ಓದಿ ನಕ್ಕಳು, ಅದು ಊಟ ಬಡಿಸುವವರ ಕಾರ್ಡು! ಮಧ್ಯಾಹ್ನ ಕೋಟು ಹಾಕಿದವನೊಬ್ಬ ನನ್ನನ್ನು ಕರೆದು ಮೊಸರು ಕೇಳಿದ. ತಂದು ಕೊಟ್ಟೆ, ಏನು ಮಾಡಲಿ.

ಗೋಡೆಗೆಲ್ಲ ದೊಡ್ಡ ದೊಡ್ಡ ಹಾಳೆ ಅಂಟಿಸಿದ್ದರು. ಅದರಲ್ಲಿನ ಅಕ್ಷರವೋ ಸಾಸಿವೆಗಿಂತ ಸಣ್ಣ. ಕಣ್ಣಿನವರು ಬರೆದದ್ದು ಕಣ್ಣಿದ್ದವರಿಗೂ ಕಾಣದ ಹಾಗಿತ್ತು. ಅದೂ ಹೋಗಲಿ, ಸಭಾಂಗಣದ ದೀಪವೆಲ್ಲ ಆರಿಸಿಬಿಟ್ಟಿದ್ದರಲ್ಲ! ಪರದೆ ಚೆನ್ನಾಗಿ ಕಾಣಲಿ ಎಂದಂತೆ. ಮೆಟ್ಟಿಲಿಗೆ ಕಪ್ಪು ಚಾಪೆ, ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ಇರುಳಗಣ್ಣಿನ ವಿಷಯ ಮಾತಾಡಲು ಅಷ್ಟು ಜನ ಕೂಡಿದ್ದರು, ಅಲ್ಲಿ ಇರುಳಗಣ್ಣು ಇದ್ದವರು ಇವರೊಬ್ಬರೇ. ಇವರು ಎಡವಿ ಒಬ್ಬ ದೊಡ್ಡ ಡಾಕ್ಟರರ ತೊಡೆಯ ಮೇಲೆ ಬಿದ್ದರು. "ಏನ್ರಿ ಯಜಮಾನ್ರ, ಕಣ್ಣ ಕಾಣಸೂದಿಲ್ಲೇನು?" ಎಂದರು ಆ ಡಾಕ್ಟರು. ಇವರು "ಹೌದ್ರಿ ಸಾಹೇಬ್ರ, ಕಾಣಸೂದಿಲ್ಲ" ಎಂದು ಗಟ್ಟಿಯಾಗಿ ನಕ್ಕರು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ಮೊಣಕೈ ಹಿಡಿದು ಜಗ್ಗಿ "ಸುಮ್ನ ಕುಂದರ್ರಿ, ಎಲ್ಲಾರೂ ನೋಡಾಕತ್ತಾರ" ಎಂದು ಗದರಿದೆ.

ಊಟದಲ್ಲೂ ಅದೇ ಪಾಡು. "ನಾ ತಗೋತೇನಿ ಬಿಡ" ಅನ್ನುತ್ತಾರೆ, ಲೋಟ ಉರುಳಿಸಿದರೆ ತೊಳೆಯುವವರು ಯಾರು? ಅನ್ನ ನಾನೇ ಕಲಸಿ ಕೊಟ್ಟೆ. ಯಾರೋ ಇವರ ಹೆಸರು ಕೇಳಿದರು, ರಾಮಲಿಂಗಪ್ಪ ಎಂದು ಅದನ್ನೂ ನಾನೇ ಹೇಳಿದೆ. ಇವರನ್ನು ಕರೆದುಕೊಂಡು ಊರೂರು ತಿರುಗುವ ಕಷ್ಟ ನಿನಗೆ ಗೊತ್ತಿಲ್ಲ. ನಿನ್ನ ಸರದಿ ಬರುವ ಹೊತ್ತಿಗೆ ಇವರಿಗೆ ಆ ಕತ್ತಲು ಸಾಕಾಗಿತ್ತು. ಮಹಾನಂದಾ ಹೊರಗೆ ಕರೆದುಕೊಂಡು ಹೋದಳು. ದೇವರು ದೊಡ್ಡವನು, ಅವಳು ಅಲ್ಲಿರಲಿಲ್ಲ.

ನಿನ್ನ ಇಂಗ್ಲೀಷು ನನಗೆ ತಿಳಿಯಲಿಲ್ಲ. ಆದರೆ ಚಿತ್ರ ತಿಳಿಯಿತು. ಚೌಕ ಎಂದರೆ ಗಂಡು, ಗುಂಡು ಎಂದರೆ ಹೆಣ್ಣು, ಕಣ್ಣು ಹೋಗುವವರಿಗೆ ಕಪ್ಪು ತುಂಬುವುದು, ರಕ್ತಸಂಬಂಧದಲ್ಲಿ ಮದುವೆಯಾದರೆ ಎರಡು ಗೆರೆ. ರಕ್ತ ತೆಗೆದ ದಿನ ನೀನೇ ಹಾಳೆಯ ಮೇಲೆ ಬರೆದು ತೋರಿಸಿದ್ದೆ, ನಿನಗೆ ಮರೆತಿರಬೇಕು. ಪರದೆಯ ಮೇಲೆ ಅವ್ವನ ಗುಂಡಿತ್ತು, ಅವಳ ತಮ್ಮನ ಕಪ್ಪು ಚೌಕವಿತ್ತು. ಆ ಚೌಕಕ್ಕೂ ನನ್ನ ಬಿಳಿ ಗುಂಡಿಗೂ ನಡುವೆ ಎರಡು ಗೆರೆ. ಕೆಳಗೆ ಒಂದೇ ಒಂದು ಗುಂಡು. ನಮಗಿರುವುದು ಒಬ್ಬಳೇ ಮಗಳಲ್ಲವೇನೋ? ಅದಕ್ಕೆ ಕಪ್ಪು ತುಂಬಿದ್ದೆ. ನೀನು ಕೆಂಪು ದೀಪದ ಕಡ್ಡಿಯಿಂದ ಅದನ್ನೇ ತೋರಿಸಿ ಏನೋ ಹೇಳಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ನೀನು ಓಡಿ ಬಂದು "ಅಕ್ಕಾ, ಯಾವಾಗ ಬಂದಿ? ಊಟಾ ಆತೇನ?" ಎಂದೆ. ನಾನು "ರಿಪೋರ್ಟ್ ಬಂತೇನಪಾ?" ಎಂದು ಕೇಳಿದೆ. ನೀನು ನಿನ್ನ ಬೂಟು ನೋಡುತ್ತ "ಇನ್ನೂ ಇಲ್ಲಕ್ಕಾ" ಎಂದೆ. ಅಷ್ಟರಲ್ಲಿ ಅತಿಥಿಗಳನ್ನು ದೇಗಾಂವದ ಗುಡಿ ತೋರಿಸಲು ಕರೆದೊಯ್ಯುವ ಬಸ್ಸು ಬಂತು, ನೀನು ಹತ್ತಿ ಹೋದೆ.

ಅಲ್ಲೋ, ಅಷ್ಟು ಮಂದಿ ಪರಕೀಯರಿಗೆ ಹೇಳಲು ಬಂದದ್ದು ನಿನಗೆ ಅಕ್ಕನಿಗೆ ಹೇಳಲು ಬರಲಿಲ್ಲವೇ? ಅವ್ವ ಹೋದ ಮೇಲೆ ನಿನ್ನ ತಲೆ ಬಾಚಿ ಸಾಲೆಗೆ ಕಳಿಸಿದವಳು ನಾನು. ಗುರುಬಸವ್ವನಿಗೆ ಈಗ ಏನು ಹೇಳಲಿ? ಅದಕ್ಕಿಂತ ಆ ಹುಡುಗಿಗೆ ಏನು ಹೇಳಲಿ? ಅವಳು ನಗುತ್ತ ಓಡಾಡುವುದನ್ನು ಕಂಡರೆ ಏನೋ ಕೆಲಸದ ನೆಪ ಮಾಡಿ ಹಿತ್ತಲಿಗೆ ಹೋಗಿಬಿಡುತ್ತೇನೆ. ಬರುವ ರವಿವಾರ ನೀನು ಬರಲೇಬೇಕು. ಬಂದು ನನ್ನ ಪಡಸಾಲೆಯಲ್ಲಿ ಕೂತು, ಚಿತ್ರ ಗಿತ್ರ ಇಲ್ಲದೆ, ಕನ್ನಡದಲ್ಲಿ ಹೇಳು.

ನಿನ್ನ ಹೆಂಡತಿಗೂ ಆಶೀರ್ವಾದ ತಿಳಿಸು. ಸಿಟ್ಟು ಎಷ್ಟಿದ್ದರೂ ನಿಮಗೆ ಒಳ್ಳೆಯದಾಗಲಿ ಎನ್ನುವುದರಲ್ಲಿ ನಾನು ಕಡಿಮೆ ಮಾಡಿಲ್ಲ. ಎಳ್ಳಿನ ಹೋಳಿಗೆ ಮಾಡಿಟ್ಟಿದ್ದೇನೆ, ಬಂದರೆ ಸಿಗುತ್ತದೆ.

ನಿನ್ನ ಅಕ್ಕ,
ಅನ್ನಪೂರ್ಣಾ

ತಾ.ಕ.: ಲಕೋಟೆಯ ಮೇಲೆ ವಿಳಾಸ ಬರೆ ಎಂದು ಮಹಾನಂದಾಳಿಗೆ ಕೊಟ್ಟೆ. ಅವಳು ಬರೆಯದೆ ನನ್ನ ಮುಖ ನೋಡಿದಳು. "ಮಾಮಾಗ ಬೈದ ಬರದೀಯೇನವ್ವಾ? ಬೈಬ್ಯಾಡ. ನನಗ ಹೋದ ವರ್ಷನ ಹೇಳ್ಯಾನ. ನಿನಗ ಹೇಳಬಾರದಂತ ಆಣಿ ಹಾಕಿಸ್ಕೊಂಡಾಕಿ ನಾನ. ಆ ಚಿತ್ರಾ ತೋರಸಾಕೂ ನನ್ನ ಕೇಳೇ ತೋರಿಸ್ಯಾನ. ಮಾಂತೇಶಗೂ ನಾನ ಹೇಳೇನಿ, ಅವ ಇನ್ನೂ ಏನೂ ಅಂದಿಲ್ಲ" ಎಂದಳು.

ನಾನು ಹೆತ್ತ ತಾಯಿ, ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ಅಪ್ಪನ್ನ ನೋಡಿಧಂಗ ನನ್ನೂ ನೋಡಾಕ ಸುರು ಮಾಡ್ತಿ ಅಂತ ಹೇಳಲಿಲ್ಲವ್ವಾ" ಎಂದಳು. ಸಿಟ್ಟಿನಿಂದಲ್ಲ, ಮೆತ್ತಗೆ ಹೇಳಿದಳು.

ನಿನಗೆ ಬೈದದ್ದನ್ನು ಹರಿದು ಹಾಕಬೇಕಿತ್ತು, ಹಾಕಿಲ್ಲ. ಯಾರಿಗಾದರೂ ಬೈಯಬೇಕಲ್ಲ, ಅವಳಿಗೆ ಬೈಯಲಾರೆ. ಇಷ್ಟು ವರ್ಷ ಇವರನ್ನು ನಾನು ಹೇಗೆ ನೋಡುತ್ತ ಬಂದಿದ್ದೇನೆ, ಸಿದ್ಧಾರೂಢ? ನನಗೆ ತಿಳಿಯುತ್ತಿಲ್ಲ. ಇವರನ್ನೇ ಕೇಳಲು ಧೈರ್ಯ ಬರುತ್ತಿಲ್ಲ. ನೀನು ಬಂದಾಗ ಮೊದಲು ಅದನ್ನು ಹೇಳು.