ನಮ್ಮ ಮನೆಯ ಮೇಲಿನ ಕೆಂಪು ಚುಕ್ಕಿ

ಜ್ವರದ ನಕ್ಷೆ ಬರೆಸುವ ಅಧಿಕಾರಿಗಳಿಗೆ,

ಮಾನ್ಯರೇ, ಅಕ್ಷರ ಸೊಟ್ಟಗಿದ್ದರೆ, ಕಾಗುಣಿತ ತಪ್ಪಿದ್ದರೆ ಕ್ಷಮಿಸಿ. ನಾನು ಓದಿದ್ದು ನಾರಾಯಣಪೇಟೆಯ ಕನ್ನಡ ಶಾಲೆಯಲ್ಲಿ, ಐದನೇ ಇಯತ್ತೆಯವರೆಗೆ. ನನ್ನ ಕಾಗುಣಿತ ತಪ್ಪಿದರೆ ಯಾರೂ ಹಾಸಿಗೆ ಹಿಡಿಯುವುದಿಲ್ಲ. ನಿಮ್ಮ ನಕ್ಷೆ ತಪ್ಪಿದೆ. ಅದರಲ್ಲಿ ನಮ್ಮ ಮನೆಗೆ ಹದಿನಾಲ್ಕು ಡೆಂಗ್ಯೂ ಜ್ವರ ಬರೆದು ಬದನೆಕಾಯಿ ಗಾತ್ರದ ಕೆಂಪು ಚುಕ್ಕಿ ಇಟ್ಟಿದ್ದೀರಿ. ಮನೆಯಲ್ಲಿರುವುದು ಅಪ್ಪ, ಅವ್ವ, ನಾನು. ಮೂವರಿಗೂ ಈ ವರ್ಷ ನೆಗಡಿ ಕೂಡ ಬಂದಿಲ್ಲ. ಹದಿನಾಲ್ಕು ಜ್ವರವನ್ನು ನಾವು ಹೇಗೆ ಹಂಚಿಕೊಳ್ಳೋಣ?

ಪಕ್ಕದ ಗಲ್ಲಿಯ ಶಂಕರಮ್ಮನ ಮಗಳು ಮಾಧವಿಯ ರಕ್ತದ ರಿಪೋರ್ಟು ತರಲು ಬಂದಾಗ ನಿಮ್ಮ ಆಸ್ಪತ್ರೆಯ ಗೋಡೆಯ ಮೇಲೆ ಆ ನಕ್ಷೆಯನ್ನು ಕಂಡೆ. ಎದುರಿಗೆ ಹೇಳಲು ನಾಚಿಕೆಯಾಗಿ ಸುಮ್ಮನೆ ಹಿಂದಿರುಗಿದೆ. ಅದಕ್ಕೇ ಈಗ ಊರಿಗೆಲ್ಲ ಕೇಳುವಂತೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ತಪ್ಪು ಪೂರ್ತಿ ನಿಮ್ಮದಲ್ಲ. ನಮ್ಮಪ್ಪ ಮಹಾಂತಯ್ಯ ನೂಲು ಕೊಟ್ಟು ಸೀರೆ ನೇಯಿಸುವವರು. ಮಗ್ಗಗಳೆಲ್ಲ ಆ ಗಲ್ಲಿಯ ನೇಕಾರರ ಮನೆಗಳಲ್ಲೇ ಇವೆ. ಆದರೆ ಇಲ್ಲಿ ಎಲ್ಲಿಯವರು ಎಂದು ಕೇಳಿದರೆ ಯಾರ ನೂಲು ನೇಯುತ್ತೇವೆ ಎಂದು ಹೇಳುವುದೇ ರೂಢಿ. ರಕ್ತ ಕೊಡುವ ಸಾಲಿನಲ್ಲಿ ನಿಮ್ಮವರು ವಿಳಾಸ ಕೇಳಿ ಫೋನಿನಲ್ಲಿ ಬರೆದುಕೊಳ್ಳುವಾಗ ಶಂಕರಮ್ಮ, “ನಾವು ಮಹಾಂತಯ್ಯನ ಮಗ್ಗದೋರ್ರೀ” ಎಂದಳು. ಹಿಂದೆ ನಿಂತವರೂ ಅದನ್ನೇ ಹೇಳಿದರು. ನಿಮ್ಮ ಫೋನು ಅಷ್ಟೂ ಜ್ವರವನ್ನು ತಂದು ನಮ್ಮ ಅಂಗಳದಲ್ಲಿ ಸುರಿಯಿತು. ಒಬ್ಬರಾದರೂ ನಡೆದು ಬಂದು ನೋಡಬಾರದಿತ್ತೇ?

ಅಂದಿನಿಂದ ಸೊಳ್ಳೆ ಕೊಲ್ಲುವ ಹೊಗೆ ಯಂತ್ರ ನಮ್ಮ ಮನೆಗೆ ಆರು ಸಲ ಬಂದಿದೆ. ನೆಂಟರೂ ಇಷ್ಟು ನಿಯಮದಿಂದ ಬರುವುದಿಲ್ಲ. ಹಲ್ಲಿಗಳು ಮನೆ ಬಿಟ್ಟವು. ಗದ್ವಾಲದ ವ್ಯಾಪಾರಿಯೊಬ್ಬರು ಸೀರೆಯ ಸೆರಗು ಮೂಸಿ, “ಇದೇನ್ರೀ ಅಯ್ನೋರ, ಸೀರಿನೋ ಸೊಳ್ಳಿ ಬತ್ತಿನೋ?” ಎಂದರು. ಅಪ್ಪ ಎರಡು ದಿನ ಸೀರೆಗಳನ್ನೆಲ್ಲ ಮಾಳಿಗೆಯ ಮೇಲೆ ಗಾಳಿಗೆ ಹರವಿದರು.

ನಮ್ಮ ಗೋಳು ನಗುವಂಥದ್ದು, ನಗಿ. ಗಲ್ಲಿಯದು ಹಾಗಲ್ಲ. ಅಲ್ಲಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ನೀರು ತುಂಬಿಡಬೇಡಿ ಎಂಬ ನಿಮ್ಮ ಕಾಗದ ಪ್ರತಿ ಗೋಡೆಯಲ್ಲೂ ಇದೆ; ಅದರ ಕೆಳಗೇ ತುಂಬಿದ ತೊಟ್ಟಿ. ಮಾಧವಿ ಎಂಟು ದಿನದಿಂದ ಎದ್ದಿಲ್ಲ. ಆ ಕಡೆಗೂ ಹೊಗೆ ಬಿಡಿ ಎಂದು ಅವ್ವ ಯಂತ್ರದವನನ್ನು ಕೇಳಿದಳು. ಅವನಿಗೂ ಬೇಸರವಿತ್ತು. “ಆ ಗಲ್ಲಿಗೆ ಚುಕ್ಕಿ ಇಲ್ಲಬೇ ಯವ್ವಾ. ಚುಕ್ಕಿ ಇಲ್ಲದ ಕಡೆ ಹೊಗಿ ಬಿಟ್ರ ಮ್ಯಾಲಿನೋರು ನನ್ನ ಕೇಳ್ತಾರ” ಎಂದು ಮತ್ತೆ ನಮ್ಮ ಅಡುಗೆಮನೆಗೇ ಬಿಟ್ಟ. ಸೊಳ್ಳೆಗಳಿಗೆ ನಿಮ್ಮ ನಕ್ಷೆ ಓದಲು ಬರುತ್ತದೆಯೇ, ಮಾನ್ಯರೇ? ಬಂದಿದ್ದರೆ ಅವೂ ನಮ್ಮ ಮನೆಗೇ ಬರುತ್ತಿದ್ದವು.

ಈ ವಾರವೇ ಆ ಚುಕ್ಕಿಯನ್ನು ನಮ್ಮ ಮನೆಯಿಂದ ಕೀಳಿಸಿ, ಗಲ್ಲಿಗೆ ನಿಮ್ಮವರನ್ನು ಕಳಿಸಿ. ಯಾರ ಮನೆಯವರು ಎಂದು ಕೇಳಬೇಡಿ. ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಕೇಳಿ.

ಗುರುತಿಗಿರಲಿ ಎಂದು ಈ ಬೆಳಿಗ್ಗೆ ಅಪ್ಪನ ಲಡಿಯಿಂದ ಕೆಂಪು ನೂಲು ಹದಿನಾಲ್ಕು ತುಂಡು ಕತ್ತರಿಸಿಕೊಂಡು ಗಲ್ಲಿಗೆ ಹೋಗಿ, ಜ್ವರವಿರುವ ಮನೆಗಳ ಚಿಲಕಕ್ಕೆ ಒಂದೊಂದು ಕಟ್ಟಿದೆ. ಒಂದು ಕಡಿಮೆ ಬಿತ್ತು; ನಿಮ್ಮ ಎಣಿಕೆಯ ಆಚೆ ಇನ್ನೊಂದು ಮನೆಗೆ ಜ್ವರ ಬಂದಿತ್ತು. ಮನೆಗೆ ಬಂದು ಇನ್ನೊಂದು ಒಯ್ದು ಕಟ್ಟಿದೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಇನ್ನೂ ಜ್ವರದಲ್ಲೇ ಇರುವ
ಕಾವ್ಯ