ಹತ್ತಿ ಕರಪತ್ರದಲ್ಲಿ ಅಚ್ಚಾದ ನಮ್ಮ ಮನೆ

ಪರಮ ದಯಾಮಯನಾದ ಅಲ್ಲಾಹನ ನಾಮದಿಂದ.

ಲಕ್ಷ್ಮೇಶ್ವರ, ರಂಜಾನಿಗೆ ಮುಂಚಿನ ಶುಕ್ರವಾರ, ಜೂನ್ ೩, ೨೦೧೬

ಚಿರಂಜೀವಿ ಮೊಮ್ಮಗಳು ಗುಲ್ನಾಜಳಿಗೆ,

ಗದಗಿನ ನಿಮ್ಮ ಬೀಜದ ಕಂಪನಿಗೆ ನೀನು ವಿನ್ಯಾಸ ಮಾಡಿದ ಕರಪತ್ರವನ್ನು ನೆರೆಯ ರೈತ ಫಕ್ಕೀರಪ್ಪನು ನಮ್ಮ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುತ್ತಿದ್ದನು. ಹತ್ತಿ ಬಿತ್ತುವ ಕ್ರಮವಿರಬೇಕಾದಲ್ಲಿ, ಎಷ್ಟು ಅಕ್ಷರ ಹಿಡಿಯುತ್ತವೆಂದು ಜಾಗ ಅಳೆಯಲು ನೀನಿಟ್ಟು ತೆಗೆಯಲು ಮರೆತ ನಿನ್ನದೇ ಪ್ರಬಂಧವಿತ್ತು: "ಅಜ್ಜ ಅಮ್ಮಿಯ ಶಾಲೆ ಬಿಡಿಸಿ, ಪಾಟಿ ಒಡೆದರು. ಆ ದಿನ ಅಮ್ಮಿ..." ಅಲ್ಲಿಗೆ ಅಚ್ಚಿನ ಚೌಕದಲ್ಲಿ ಜಾಗ ಮುಗಿದಿತ್ತು.

"ಸಾಹೇಬರ, ಇದು ಹತ್ತಿದಲ್ರಿ, ನಿಮ್ಮ ಮನಿದು" ಎಂದನು. ನಿನ್ನ ತಾಯಿ ಮಾಸುಮಬಿ ಒಳಗಿನಿಂದಲೇ, "ಮುಂದ ಏನ ಬರದಾಳ, ಕೇಳ್ರಿ ಅಬ್ಬಾ" ಎಂದಳು.

ಆ ದಿನ ಅವಳೇನು ಮಾಡಿದಳೆಂದು ನಾನು ಎಂದೂ ಕೇಳಿದವನಲ್ಲ. ಕ್ಷಮೆ ಕೋರಬೇಡ, ಉಳಿದುದನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿ ಕಳುಹಿಸು. ಅವಳಿಗೆ ನಾನೇ ಓದಿ ಹೇಳುವೆನು.

ನಿನಗೂ, ನಿನ್ನ ತಾಯಿಗೂ, ಓದಿದ ಫಕ್ಕೀರಪ್ಪನಿಗೂ ಅಲ್ಲಾಹನು ಒಳಿತು ಮಾಡಲಿ, ಪಾಟಿ ಒಡೆದವನನ್ನು ಮನ್ನಿಸಲಿ.

ನಿನ್ನ ಅಜ್ಜ,
ನಜೀರಸಾಬ